ಮಳೆಯ ಸಾಕ್ಷ್ಯ ಅಳಿಯದಿರಲಿ

ಜೋಗಿಮಟ್ಟಿಯ ಕಡೆಯಿಂದ ಬಂದ ಮೋಡ ಮದಕರಿಪುರದ ಒಂದು ಹೊಲವನ್ನು ತೋಯಿಸಿ, ಬದುವಿನಾಚೆಯ ಹೊಲವನ್ನು ಒಣಗಿದಂತೆಯೇ ಬಿಟ್ಟುಹೋಗುವುದು ಇಲ್ಲಿಯ ರೈತರಿಗೆ ಹೊಸತಲ್ಲ. ಆದರೆ ಕಡತಕ್ಕೆ ಸೇರುವುದು ಗ್ರಾಮ ಪಂಚಾಯಿತಿಯ ಮಳೆಮಾಪಕ ಅಳೆದ ಮಳೆ ಮಾತ್ರ. ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಹಾರ ನಿರ್ಧಾರವಾಗುವುದೂ ಇಂತಹ ಮಾಪಕಗಳ ಅಂಕಿಗಳಿಂದಲೇ. ಮಾಪಕದಿಂದ ಮೂರು ಕಿಲೋಮೀಟರ್ ಆಚೆ ಸುರಿದ ಬಿರುಮಳೆಗೆ ಸಾಕ್ಷಿ ಯಾರು?

ಡಾಪ್ಲರ್ ರೇಡಾರ್ ಆ ಸಾಕ್ಷಿಯಾಗಬಲ್ಲದು. ಅದು ಹೊರಡಿಸಿದ ಅಲೆಗಳು ಮಳೆಹನಿಗಳಿಗೆ ತಾಗಿ ಮರಳುತ್ತವೆ. ಮರಳಿದ ಅಲೆಯ ಬಲದಿಂದ ಮಳೆಯ ತೀವ್ರತೆಯನ್ನು ಅಂದಾಜು ಮಾಡಬಹುದು. ಭಾರತೀಯ ಹವಾಮಾನ ಇಲಾಖೆ 2002ರಲ್ಲಿ ಚೆನ್ನೈಯಲ್ಲಿ ಇಂತಹ ರೇಡಾರನ್ನು ಸ್ಥಾಪಿಸಿತು. ಇಂದು ರೇಡಾರ್ ಚಿತ್ರಗಳನ್ನು ಅಂತರಜಾಲದಲ್ಲಿ ಯಾರೂ ನೋಡಬಹುದು. ಆದರೆ ಚಿತ್ರ ಬೇರೆ, ಅದರ ಹಿಂದಿರುವ ಮೂಲ ದತ್ತಾಂಶ ಬೇರೆ. ಬಣ್ಣದ ಚಿತ್ರದಿಂದ ಮಳೆಯನ್ನು ಮತ್ತೆ ಲೆಕ್ಕ ಹಾಕಲಾಗದು.

ಅಮೆರಿಕದಲ್ಲಿಯೂ ಒಮ್ಮೆ ಈ ದತ್ತಾಂಶವನ್ನು ಟೇಪುಗಳಲ್ಲಿ ತುಂಬಿ ಅಂಚೆಯಲ್ಲಿ ಕಳುಹಿಸಲಾಗುತ್ತಿತ್ತು. 1998ರಲ್ಲಿ ಒಕ್ಲಹೋಮಾ ವಿಶ್ವವಿದ್ಯಾಲಯ ಮತ್ತು ಅದರ ಸಹಭಾಗಿಗಳು ಆರು ರೇಡಾರುಗಳ ದತ್ತಾಂಶವನ್ನು ಅಂತರಜಾಲದ ಮೂಲಕ ರವಾನಿಸುವ ಪ್ರಯೋಗ ಆರಂಭಿಸಿದರು. ಕೆಲವೇ ವರ್ಷಗಳಲ್ಲಿ ಅದು ರಾಷ್ಟ್ರೀಯ ವ್ಯವಸ್ಥೆಯಾಯಿತು. 1991ರಿಂದೀಚಿನ ಸಂಗ್ರಹ 2015ರಿಂದ ಎಲ್ಲರಿಗೂ ಉಚಿತವಾಗಿ ತೆರೆದಿದೆ.

ರೇಡಾರ್ ತಪ್ಪನ್ನೇ ಮಾಡದೆಂದಲ್ಲ. ಭೂಮಿಯ ಬಾಗಿನಿಂದಾಗಿ, ಅರ್ಧ ಡಿಗ್ರಿ ಕೋನದಲ್ಲಿ ಹೊರಟ ಕಿರಣ ಇನ್ನೂರು ಕಿಲೋಮೀಟರ್ ದೂರದಲ್ಲಿ ನೆಲದಿಂದ ಸುಮಾರು ನಾಲ್ಕು ಕಿಲೋಮೀಟರ್ ಮೇಲಿರುತ್ತದೆ. ಬೆಂಗಳೂರಿನಿಂದ ನೋಡಿದರೆ ಚಿತ್ರದುರ್ಗದ ತಗ್ಗಿನ ಮೋಡಗಳು ಕಿರಣದ ಕೆಳಗೇ ಉಳಿದುಬಿಡುತ್ತವೆ. ಸಮೀಪದಲ್ಲಿ ರೇಡಾರ್ ನೆಟ್ಟರೂ ಇಲ್ಲಿಯ ಗುಡ್ಡಗಳ ಗಾಳಿಯಂತ್ರಗಳ ರೆಕ್ಕೆಗಳು ಮಳೆಯ ಭ್ರಮೆ ಹುಟ್ಟಿಸಬಲ್ಲವು. ಆದ್ದರಿಂದಲೇ ಮಳೆಮಾಪಕವೂ ಬೇಕು, ಮೂಲ ದತ್ತಾಂಶವೂ ಉಳಿಯಬೇಕು. ಉಳಿದದ್ದನ್ನು ನಾಳೆಯಾದರೂ ತಿದ್ದಬಹುದು, ಅಳಿದದ್ದನ್ನು ತಿದ್ದುವುದೆಂತು?

2017ರಲ್ಲಿ ರಾಜ್ಯ ಸರ್ಕಾರ 'ವರ್ಷಧಾರಿ' ಮೋಡಬಿತ್ತನೆಗೆ ಕೋಟ್ಯಂತರ ರೂಪಾಯಿ ವ್ಯಯಿಸಿತು. ಮೋಡಗಳನ್ನು ಗುರುತಿಸಲು ರೇಡಾರುಗಳನ್ನೂ ಬಳಸಿತು. ಸುರಿದ ಮಳೆಯಲ್ಲಿ ಬಿತ್ತನೆಯ ಪಾಲೆಷ್ಟು, ಮುಂಗಾರಿನ ಪಾಲೆಷ್ಟು ಎಂಬ ವಾದವನ್ನು ಹೊರಗಿನವರೂ ಪರೀಕ್ಷಿಸಬೇಕಾದರೆ ಅಂತಹ ದತ್ತಾಂಶ ಸಾರ್ವಜನಿಕವಾಗಿರಬೇಕು.

ಪಹಣಿಯನ್ನು ಜೋಪಾನವಾಗಿಡುವ ಸರ್ಕಾರ ಮಳೆಯ ದಾಖಲೆಯನ್ನೂ ಹಾಗೆಯೇ ಕಾಪಾಡಬೇಕು. ಸಾರ್ವಜನಿಕ ಹಣದಿಂದ ನಡೆಯುವ ಪ್ರತಿ ರೇಡಾರಿನ ಮೂಲ ದತ್ತಾಂಶ ಅಂದಂದೇ ಸಂಗ್ರಹವಾಗಿ, ಶಾಲೆ, ಪಂಚಾಯಿತಿ, ರೈತಸಂಘಗಳಿಗೆ ಶುಲ್ಕವಿಲ್ಲದೆ ದೊರೆಯುವಂತಾಗಬೇಕು. ಗ್ರಾಮಸಭೆಗಳು ಈ ಬೇಡಿಕೆಯನ್ನು ನಿರ್ಣಯವಾಗಿ ಬರೆದು ಕಳುಹಿಸುವ ಕಾಲ ಬಂದಿದೆ.