ದೋಣಿ ಹಿಂದೆ ಸರಿದಾಗ

ಕನ್ನಡ ಎಂ.ಎ. ಮಾಡಿದವನಿಗೆ ನ್ಯೂಟನ್ನನ ಗೊಡವೆ ಏಕೆಂದು ವಾಚಕರು ಹುಬ್ಬೇರಿಸಬಹುದು. ಆ ಗೊಡವೆ ನಾನಾಗಿ ತಂದುಕೊಂಡದ್ದಲ್ಲ. ಗಣೇಶಗುಡಿಯಲ್ಲಿ, ಕಾಳೀನದಿಯ ಮೊಣಕಾಲುದ್ದದ ನೀರಿನಲ್ಲಿ ಅದು ನನಗೆ ಗಂಟುಬಿದ್ದಿತು.

ಸೂಪಾ ಆಣೆಕಟ್ಟಿನ ಕೆಳಗಡೆ, ನದಿಯ ಸೆಳವಿನಲ್ಲಿ, ರಬ್ಬರು ದೋಣಿಯ ವಿಹಾರ ನಡೆಯುತ್ತದೆ. ಪಿ.ಯು.ಸಿ. ಓದುತ್ತಿರುವ ಅಕ್ಕನ ಮಗ ಹಟ ಹಿಡಿದು ನನ್ನನ್ನೂ ಕೂರಿಸಿದ್ದ. ಬಂಡೆಗಳ ನಡುವಿನಿಂದ ಜೀವಸಹಿತ ಪಾರಾದೆನಲ್ಲ ಎಂಬ ಸಂಭ್ರಮದಲ್ಲಿ, ಎಲ್ಲರೂ ಇಳಿದ ಮೇಲೆ, ಠೀವಿಯಿಂದ ದಡದತ್ತ ಹೆಜ್ಜೆಯಿಟ್ಟೆ. ಬರಿದಾದ ದೋಣಿ ಹಿಂದಕ್ಕೆ ಜಾರಿತು. ಒಂದು ಕ್ಷಣ ತ್ರಿಶಂಕುಸ್ಥಿತಿ; ಬಳಿಕ ನೀರು.

"ಮಾಮಾ, ನೀವು ದೋಣಿಯನ್ನು ಹಿಂದಕ್ಕೆ ತಳ್ಳಿದಿರಿ, ಅದು ನಿಮ್ಮನ್ನು ಮುಂದಕ್ಕೆ ತಳ್ಳಿತು. ಮೂರನೆಯ ನಿಯಮ!" ಎಂದ ಹುಡುಗ, ಕೈ ನೀಡುವುದಕ್ಕೂ ಮೊದಲು.

"ಮಾಡಿದ್ದುಣ್ಣೋ ಮಹಾರಾಯ ಎನ್ನು" ಎಂದೆ.

"ಅಲ್ಲ ಮಾಮಾ. ಉಣ್ಣುವುದು ಆಮೇಲೆ. ಇದು ಆಗಲೇ."

ಆ ಮಾತು ನನ್ನ ಮನಸ್ಸಿಗೆ ನಾಟಿತು. 1687ರಲ್ಲಿ ಪ್ರಕಟವಾದ 'ಪ್ರಿನ್ಸಿಪಿಯಾ' ಗ್ರಂಥದ ಈ ನಿಯಮವನ್ನು ನಾವು ಕ್ರಿಯೆ-ಪ್ರತಿಕ್ರಿಯೆ ಎಂದು ಕನ್ನಡಿಸಿಕೊಂಡಿದ್ದೇವೆ. 'ಪ್ರತಿ' ಎಂದೊಡನೆ ನಮಗೆ ಪ್ರತೀಕಾರ, ಪ್ರತಿಫಲಗಳು ನೆನಪಾಗುತ್ತವೆ: ಮೊದಲು ಒಂದು, ಅನಂತರ ಇನ್ನೊಂದು. ಪ್ರತಿಧ್ವನಿಯೂ ಹಾಗೆಯೇ, ಕೂಗಿದ ಮೇಲೆ ಬರುವುದು. ಆದರೆ ಕನ್ನಡಿಯಲ್ಲಿನ ಪ್ರತಿಬಿಂಬ ನಾವು ಕೈ ಎತ್ತಿದಾಗಲೇ ತಾನೂ ಎತ್ತುತ್ತದೆ. ಭೌತಶಾಸ್ತ್ರದ ಪ್ರತಿಕ್ರಿಯೆ ಈ ಎರಡನೆಯ ಜಾತಿಯದು. ಯಾವುದು ಕ್ರಿಯೆ, ಯಾವುದು ಪ್ರತಿಕ್ರಿಯೆ ಎಂದು ವಿಂಗಡಿಸುವುದು ಸಹ ನಮ್ಮ ಅನುಕೂಲಕ್ಕೆ ಮಾತ್ರ.

ಸಂಜೆ ದೂರದಿಂದ ಆಣೆಕಟ್ಟನ್ನು ಕಂಡೆವು. 101 ಮೀಟರು ಎತ್ತರ, 332 ಮೀಟರು ಉದ್ದದ ಕಾಂಕ್ರೀಟಿನ ಗೋಡೆ, 1987ರಲ್ಲಿ ಮುಗಿದದ್ದು. ಅದರ ಹಿಂದಿನ ನೀರಿನಡಿಯಲ್ಲಿ ಹಳೆಯ ಸೂಪಾ ಇದೆ. ಕಾಳಿ, ಪಾಂಡರಿಗಳ ಸಂಗಮದಲ್ಲಿದ್ದ ಆ ಊರಿನ ಜನರಲ್ಲಿ ಅನೇಕರು ರಾಮನಗರದಲ್ಲಿ ಮತ್ತೆ ಮನೆ ಹೂಡಿದರು. ನೂರು ಮೀಟರು ಆಳದಲ್ಲಿ ನೀರು ಒಂದೊಂದು ಚದರ ಮೀಟರಿನ ಮೇಲೂ ಸುಮಾರು ನೂರು ಟನ್ನು ಭಾರದಷ್ಟು ಒತ್ತುತ್ತದೆ.

"ಗೋಡೆಯೂ ನೀರನ್ನು ಅಷ್ಟೇ ಒತ್ತುತ್ತದೆ; ಎರಡೂ ವಜಾ ಆಗಿ ಗೋಡೆ ನಿಂತಿದೆ, ಅಲ್ಲವೇ?" ಎಂದೆ, ಕಲಿತವನ ಹೆಮ್ಮೆಯಿಂದ.

ಹುಡುಗ ತಲೆಯಲ್ಲಾಡಿಸಿದ. ನೀರಿನ ಒತ್ತು ಬೀಳುವುದು ಗೋಡೆಯ ಮೇಲೆ. ಗೋಡೆಯ ಒತ್ತು ಬೀಳುವುದು ನೀರಿನ ಮೇಲೆ. ಅಂಗಡಿಯವನ ಖಾತೆಯ ಜಮೆ ನಮ್ಮ ಖಾತೆಯ ಖರ್ಚು. ಮೊತ್ತ ಒಂದೇ ಎಂದು ನಮ್ಮ ಖರ್ಚು ವಜಾ ಆಗುವುದುಂಟೆ? ಗೋಡೆಯ ಖಾತೆಯಲ್ಲಿ ನೀರಿನ ತಳ್ಳಿಗೆ ಎದುರಾಗಿರುವುದು ಬೇರೊಂದು ಬಲ: ತನ್ನ ಭಾರದಿಂದ ಅದು ಕಚ್ಚಿಕೊಂಡು ನಿಂತಿರುವ ಅಡಿಬಂಡೆಯ ಹಿಡಿತ.

ಇದು ಪರೀಕ್ಷೆಯ ಅಂಕಗಳ ಮಾತಷ್ಟೇ ಅಲ್ಲ. ಫ್ರಾನ್ಸಿನ ಬೂಜೇ ಎಂಬಲ್ಲಿನ ಕಲ್ಲಿನ ಆಣೆಕಟ್ಟು 1884ರಲ್ಲಿ ಒಂದು ಭಾಗ ಸುಮಾರು ಒಂದಡಿ ಮುಂದಕ್ಕೆ ಸರಿಯಿತು. ದುರಸ್ತಿ ಮಾಡಿದರು. 1895ರಲ್ಲಿ ಅದು ಒಡೆದು, ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಸಂದುಗಳಲ್ಲಿ ನುಸುಳಿದ ನೀರು ಗೋಡೆಯನ್ನು ಒಳಗಿನಿಂದ ಮೇಲಕ್ಕೊತ್ತಿ, ಅದರ ಭಾರವನ್ನು ಹಗುರಮಾಡಿತ್ತು. ಆ ಒತ್ತಡವನ್ನು ಎಂಜಿನಿಯರರು ಲೆಕ್ಕಕ್ಕೆ ಹಿಡಿಯತೊಡಗಿದ್ದು ಆ ದುರಂತದ ಬಳಿಕ. ಇತ್ತ ಮೂರನೆಯ ನಿಯಮಕ್ಕೆ ಕಿಂಚಿತ್ತೂ ಭಂಗ ಬಂದಿರಲಿಲ್ಲ. ಗೋಡೆ ಸರಿಯುವಾಗಲೂ ಒಡೆಯುವಾಗಲೂ ನೀರು ಎಷ್ಟು ಒತ್ತಿತೋ ಗೋಡೆಯೂ ಅಷ್ಟೇ ಮರಳಿ ಒತ್ತುತ್ತಿತ್ತು! ನಿಂತ ಗೋಡೆಗೂ ಬೀಳುವ ಗೋಡೆಗೂ ನಿಯಮ ಒಂದೇ. ದಾಂಡೇಲಿಯ ಜನ ನಿಶ್ಚಿಂತೆಯಿಂದ ಮಲಗಬೇಕಾದರೆ ಬಂಡೆಯ ಹಿಡಿತವನ್ನೂ ಸಂದಿನ ನೀರನ್ನೂ ಯಾರಾದರೂ ನೋಡಿಕೊಳ್ಳುತ್ತಲೇ ಇರಬೇಕು.

"ಹಾಗಾದರೆ ಆಣೆಕಟ್ಟಿನ ಭಾರಕ್ಕೆ ಪ್ರತಿಕ್ರಿಯೆ ಯಾವುದು ಮಾಮಾ?" ಎಂದು ಹಿಂದಿರುಗುವ ಬಸ್ಸಿನಲ್ಲಿ ಹುಡುಗ ಕೆಣಕಿದ.

"ಅಡಿಬಂಡೆ ಮೇಲಕ್ಕೊತ್ತುವುದು" ಎಂದೆ. ಅವನು ನಕ್ಕನೇ ಹೊರತು ಉತ್ತರ ಹೇಳಲಿಲ್ಲ. ಮರುದಿನ ಕಾಲೇಜಿನಲ್ಲಿ ಭೌತಶಾಸ್ತ್ರದ ಮಿತ್ರರನ್ನು ಕೇಳಿದೆ. ಅವರು ಚಹದ ಬಟ್ಟಲನ್ನು ಮೇಜಿನ ಮೇಲಿಟ್ಟು ಹೇಳಿದರು: "ಭಾರವೆಂದರೆ ಭೂಮಿ ಆಣೆಕಟ್ಟನ್ನು ಕೆಳಕ್ಕೆಳೆಯುವುದು, ಸ್ವಾಮಿ. ಅದರ ಜೋಡಿ ಬಂಡೆಯಲ್ಲಿಲ್ಲ. ನಿಮ್ಮ ಸೂಪಾ ಆಣೆಕಟ್ಟು ಇಡೀ ಭೂಮಿಯನ್ನು ಅಷ್ಟೇ ಬಲದಿಂದ ಮೇಲಕ್ಕೆಳೆಯುತ್ತಿದೆ."