ತಾಯಿ ಕಾರ್ಡಿನಲ್ಲಿ ಮೂರು ಸಲ 110/70

ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆ ಕಡೆ ಹೋದವರಿಗೆ ಆ ನೋಟ ಗೊತ್ತು. ವರಾಂಡದ ತುಂಬ ಬಸುರಿ ಹೆಂಗಸರು. ಬೆಂಚು ಸಾಲದೆ ಮೆಟ್ಟಿಲ ಮೇಲೆ ಕೂತವರು, ಗೋಡೆಗೆ ಒರಗಿ ನಿಂತವರು. ಕೈಯಲ್ಲೊಂದು ಪ್ಲಾಸ್ಟಿಕ್ ಕವರು, ಕವರಿನೊಳಗೆ ತಾಯಿ ಕಾರ್ಡು. 2016ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಸುರಕ್ಷಿತ ಮಾತೃತ್ವ ಅಭಿಯಾನದ ದಿನ ಅದು. ಮೂರು ತಿಂಗಳು ದಾಟಿದ ಬಸುರಿಯರನ್ನು ಅವತ್ತು ಡಾಕ್ಟರೇ ಪುಕ್ಕಟೆ ನೋಡಬೇಕು. ಒಳ್ಳೆಯ ಕೆಲಸ, ಅನುಮಾನವಿಲ್ಲ. ಆದರೆ ಬಸುರಿಯ ತೊಂದರೆ 9ನೇ ತಾರೀಖು ನೋಡಿಕೊಂಡು ಬರುವುದಿಲ್ಲವಲ್ಲ?

ನನ್ನ ತಂಗಿಯ ಕಥೆ ಹೇಳುತ್ತೇನೆ. ಊರಿನ ಹೆಸರು, ಆಸ್ಪತ್ರೆಯ ಹೆಸರು ಬೇಡ. ಹೆಸರು ಹಾಕಿದರೆ ಒಬ್ಬ ಬಡಪಾಯಿ ಸಿಸ್ಟರ್ ಸಸ್ಪೆಂಡ್ ಆಗುತ್ತಾಳೆ, ಅಲ್ಲಿಗೆ ಕಥೆ ಮುಗಿಯುತ್ತದೆ. ನನಗೆ ಬೇಕಾದ್ದು ಅದಲ್ಲ.

ಚೊಚ್ಚಲ ಬಸುರಿ. ಏಳರಲ್ಲಿ ಸೀಮಂತ ಮಾಡಿ, ಮಡಿಲು ತುಂಬಿಸಿ ತವರಿಗೆ ಕರೆದುಕೊಂಡು ಬಂದೆವು. ಎಂಟನೇ ತಿಂಗಳಲ್ಲಿ ಕಾಲು ಊದಿ ಚಪ್ಪಲಿ ಹಿಡಿಸದಾಯಿತು. 'ಬಸುರಿ ಅಂದ್ಮೇಲೆ ಕಾಲು ಊದದೆ ಇರ್ತದಾ' ಅಂದಳು ಅವ್ವ. ಆಮೇಲೆ ಮುಖವೂ ಊದಿತು. ನೆಂಟರು 'ಮೈ ಕೈ ತುಂಬಿಕೊಂಡಿದ್ದಾಳೆ' ಅಂತ ಖುಷಿಪಟ್ಟರು. ತಲೆನೋವು ಶುರುವಾಯಿತು, ಬಾಮು ಹಚ್ಚಿದರು. ಮಾರನೇ ದಿನ ಕಣ್ಣು ಮಂಜಾಯಿತು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ ದೃಷ್ಟಿ ತೆಗೆದರು. ಮೂರನೇ ರಾತ್ರಿ ಫಿಟ್ಸ್ ಬಂತು. ಪಕ್ಕದ ಮನೆಯವರು ಗಾಳಿ ಸೋಕಿದೆ ಅಂದರು. ನಾನು 108ಕ್ಕೆ ಫೋನು ಮಾಡಿದೆ. ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಮಾಡಿ ತಂಗಿಯನ್ನು ಉಳಿಸಿಕೊಟ್ಟರು. ಕೂಸು ಉಳಿಯಲಿಲ್ಲ. ಹೆಣ್ಣು ಕೂಸು.

ಬೆಳಗಿನ ಜಾವ ವಾರ್ಡಿನ ಹೊರಗೆ ಕೂತು, ಮಾಡಲು ಬೇರೆ ಕೆಲಸವಿಲ್ಲದೆ, ಅವಳ ತಾಯಿ ಕಾರ್ಡು ಬಿಡಿಸಿ ನೋಡಿದೆ. ಬಿಪಿ ಕಾಲಮ್ಮಿನಲ್ಲಿ ಮೂರು ಸಲ 110/70. ಮೂರೂ ತಿಂಗಳು ಅದೇ ಸಂಖ್ಯೆ. ಒಂದು ಗೀಟು ಹೆಚ್ಚಿಲ್ಲ, ಒಂದು ಗೀಟು ಕಮ್ಮಿಯಿಲ್ಲ. ಎಷ್ಟೋ ದಿನದ ಮೇಲೆ ಅವಳ ಗಂಡನ ಊರಿನ ಆರೋಗ್ಯ ಕೇಂದ್ರಕ್ಕೆ ಹೋಗಿ ಮೆಲ್ಲಗೆ ಕೇಳಿದೆ. ಸಿಸ್ಟರ್ ಸುಳ್ಳು ಹೇಳಲಿಲ್ಲ. 'ಮಿಷನ್ ರಿಪೇರಿಗೆ ಹೋಗಿತ್ತು ಸಾರ್. ಖಾಲಿ ಬಿಟ್ರೆ ಮೀಟಿಂಗ್‌ನಲ್ಲಿ ಬೈತಾರೆ' ಅಂದರು.

ಪಿಯುಸಿಯನ್ನೇ ಅರ್ಧಕ್ಕೆ ಬಿಟ್ಟ ಈ ವರದಿಗಾರನಿಗೆ ಡಾಕ್ಟರಿಕೆ ಯಾಕೆ ಅಂತ ಯಾರಾದರೂ ಕೇಳಬಹುದು. ಅವತ್ತಿನಿಂದ ಡಾಕ್ಟರುಗಳ ಬೆನ್ನು ಬಿದ್ದು ಕೇಳಿ ಕೇಳಿ ತಿಳಿದುಕೊಂಡಿದ್ದನ್ನು ಬರೆಯುತ್ತಿದ್ದೇನೆ, ಅಷ್ಟೆ.

ತಂಗಿಗೆ ಆಗಿದ್ದಕ್ಕೆ ಎಕ್ಲಾಂಪ್ಸಿಯಾ ಅಂತ ಹೆಸರು. ಅದಕ್ಕೆ ಮುಂಚಿನ ಹಂತ ಪ್ರಿ-ಎಕ್ಲಾಂಪ್ಸಿಯಾ. ಐದು ತಿಂಗಳು ದಾಟಿದ ಮೇಲೆ ಬಿಪಿ 140/90 ಮುಟ್ಟಿತು, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ ಅಂದರೆ ಡಾಕ್ಟರು ಎಚ್ಚರವಾಗುತ್ತಾರೆ. 160/110 ಆದರೆ ಆ ಕ್ಷಣವೇ ಔಷಧಿ ಶುರುವಾಗಬೇಕು. ಕಾಲು ಊದಿದ ಮಾತ್ರಕ್ಕೆ ಕಾಯಿಲೆ ಅಲ್ಲ, ಅವ್ವ ಹೇಳಿದ್ದು ಪೂರ್ತಿ ತಪ್ಪೂ ಅಲ್ಲ. ಆದರೆ ಮುಖ, ಕೈ ಊದುವುದು, ಬಿಡದ ತಲೆನೋವು, ಕಣ್ಣು ಮಂಜು, ಎದೆಗೂಡಿನ ಕೆಳಗೆ ಹೊಟ್ಟೆನೋವು ಬಂದರೆ ದೃಷ್ಟಿ ತೆಗೆಯುತ್ತ ಕೂರುವ ಹೊತ್ತಲ್ಲ ಅದು. ಇನ್ನೂ ಕೆಟ್ಟ ಸಂಗತಿ ಏನೆಂದರೆ, ಶುರುವಿನಲ್ಲಿ ಇದು ಒಂದು ಲಕ್ಷಣವನ್ನೂ ತೋರಿಸದೆ ಇರಬಹುದು. ತೋಳಿಗೆ ಪಟ್ಟಿ ಕಟ್ಟಿ ನೋಡಿದರಷ್ಟೇ ಗೊತ್ತಾಗುವುದು.

ಇದರ ಬೇರು ಇರುವುದು ಮಾಸಿನಲ್ಲಿ. ಅದಕ್ಕೇ ಹೆರಿಗೆಯಾಗಿ ಮಾಸು ಹೊರಗೆ ಬೀಳುವ ತನಕ ಪೂರ್ತಿ ವಾಸಿಯಾಗುವುದಿಲ್ಲ. ಅಲ್ಲಿಯವರೆಗೆ ಡಾಕ್ಟರು ಮಾಡುವುದು ಕಾಯುವ ಕೆಲಸ. ಬಿಪಿ ಇಳಿಸುತ್ತ, ರಕ್ತ ಮೂತ್ರ ನೋಡುತ್ತ, ಮಗು ಬೆಳೆಯಲು ಇನ್ನಷ್ಟು ದಿನ ಕೊಡೋಣವೋ, ಇವತ್ತೇ ಹೆರಿಗೆ ಮಾಡಿಸೋಣವೋ ಅಂತ ದಿನಾ ತೂಗಿ ನೋಡುತ್ತಾರೆ. ಫಿಟ್ಸ್ ತಡೆಯಲು ಮ್ಯಾಗ್ನೀಸಿಯಂ ಸಲ್ಫೇಟ್ ಇದೆ. 33 ದೇಶಗಳ 10 ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2002ರಲ್ಲೇ ಬಂತು, ಫಿಟ್ಸ್ ಬರುವ ಅಪಾಯ ಈ ಔಷಧಿಯಿಂದ ಅರ್ಧಕ್ಕಿಂತ ಕೆಳಗಿಳಿಯಿತು. ಅಗ್ಗದ ಔಷಧಿ. ಎರಡು ಕಡೆ ಪಿರ್ರೆಗೆ 5 ಗ್ರಾಮಿನಂತೆ ಮೊದಲ ಡೋಸನ್ನು ಎಎನ್‌ಎಂ ಸಿಸ್ಟರೇ ಕೊಟ್ಟು ದೊಡ್ಡಾಸ್ಪತ್ರೆಗೆ ಕಳಿಸಬಹುದು ಅಂತ ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ. ನಮ್ಮ ಸಬ್‌ಸೆಂಟರುಗಳ ಬೀರುವಿನಲ್ಲಿ ಅದು ಇದೆಯೇ?

ಬಿಪಿ ಒಂದೇ ಅಲ್ಲ. ಟೇಪು ಹಿಡಿದು ಹೊಟ್ಟೆ ಅಳೆಯುತ್ತಾರಲ್ಲ, ಅದು ಶಾಸ್ತ್ರಕ್ಕಲ್ಲ. ಐದು ತಿಂಗಳ ಮೇಲೆ ಹೆಚ್ಚು ಕಮ್ಮಿ ಎಷ್ಟು ವಾರವೋ ಅಷ್ಟು ಸೆಂಟಿಮೀಟರು ಇರಬೇಕು. ಹಿಂದೆ ಬಿದ್ದರೆ ಮಗು ಬೆಳೆಯುತ್ತಿಲ್ಲವೋ ಏನೋ ಅಂತ ಸ್ಕ್ಯಾನಿಂಗ್. ಮಗುವಿನ ಎದೆಬಡಿತ ನಿಮಿಷಕ್ಕೆ 110ರಿಂದ 160ರೊಳಗೆ ಇರಬೇಕು. ಮೂತ್ರ ಪರೀಕ್ಷೆ ಈಗ ಒಂದು ಕಾಗದದ ಪಟ್ಟಿ ಅದ್ದಿದರೆ ಮುಗಿಯಿತು. ಹಿಂದೆ ಗಾಜಿನ ಕೊಳವೆಯಲ್ಲಿ ಕಾಯಿಸಿ, ಬೆಂದ ಮೊಟ್ಟೆಯ ಬಿಳಿಯ ಹಾಗೆ ಗಟ್ಟಿ ಕಟ್ಟುತ್ತದೆಯೇ ಅಂತ ನೋಡುತ್ತಿದ್ದರು. ಸಕ್ಕರೆ ಕಾಯಿಲೆ ನೋಡಲು 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ತೆಗೆಯುತ್ತಾರೆ. 140 ಮುಟ್ಟಿದರೆ ಪಥ್ಯ, ಬೇಕಾದರೆ ಔಷಧಿ. ಹಿಮೋಗ್ಲೋಬಿನ್ 7ಕ್ಕಿಂತ ಕೆಳಗೆ ಇದ್ದವಳಿಗೆ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ಜೀವಕ್ಕೆ ಕುತ್ತು. ಕೊನೆಯ ತಿಂಗಳುಗಳಲ್ಲಿ ನೋವಿಲ್ಲದೆ ರಕ್ತ ಕಂಡರೂ ಮನೆಯಲ್ಲಿ ಮಲಗಿಸುವಂತಿಲ್ಲ, ಮಾಸು ಕೆಳಗೆ ಕೂತಿರಬಹುದು.

ಇಷ್ಟೆಲ್ಲದರ ನಡುವೆ ಮಿಷನ್ನೇ ಬೇಡದ ಪರೀಕ್ಷೆ ಒಂದಿದೆ, ಮಗುವಿನ ಒದೆತ. ಅದು ತಾಯಿಗಷ್ಟೇ ಗೊತ್ತಾಗುವುದು. ನಿನ್ನೆಯ ಹಾಗೆ ಇವತ್ತು ಒದೀತಾ ಇಲ್ಲ ಅಂತ ಅವಳು ಹೇಳಿದರೆ 'ಕೂಸು ನಿದ್ದೆ ಮಾಡ್ತಿದೆ ಬಿಡು' ಅನ್ನಬೇಡಿ. ಅವತ್ತೇ ಕರೆದುಕೊಂಡು ಹೋಗಿ.

ಈಗ ನಮ್ಮ ಜಿಲ್ಲೆಯ ವಿಷಯಕ್ಕೆ ಬರೋಣ. ವೈದ್ಯರ ರೂಢಿ ಪ್ರಕಾರ ಏಳು ತಿಂಗಳಾದ ಮೇಲೆ ಹದಿನೈದು ದಿನಕ್ಕೊಮ್ಮೆ, ಒಂಬತ್ತು ತುಂಬುವ ಹೊತ್ತಿಗೆ ವಾರಕ್ಕೊಮ್ಮೆ ತಪಾಸಣೆ. ಸರ್ಕಾರದ ಲೆಕ್ಕದಲ್ಲಿ ಇಡೀ ಬಸಿರಿಗೆ ಕನಿಷ್ಠ ನಾಲ್ಕು. ಕನಿಷ್ಠ ಅಂದಿದ್ದನ್ನೇ ನಾವು ಗರಿಷ್ಠ ಮಾಡಿಕೊಂಡಿದ್ದೇವೆ. ಅದೂ ಕಾವಲು ಬಿಗಿಯಾಗಬೇಕಾದ ಏಳನೇ ತಿಂಗಳಲ್ಲೇ ಹೆಣ್ಣುಮಗಳು ಊರು ಬಿಡುತ್ತಾಳೆ. ಗಂಡನ ಊರಿನ ಆಶಾ ಅಕ್ಕ 'ತವರಿಗೆ ಹೋದಳು' ಅಂತ ಬರೆದುಕೊಳ್ಳುತ್ತಾಳೆ. ತವರಿನ ಆಶಾ ಅಕ್ಕನ ಪುಸ್ತಕದಲ್ಲಿ ಅವಳ ಹೆಸರೇ ಇಲ್ಲ. ಎಷ್ಟೋ ಸಲ ಕಾರ್ಡು ಅತ್ತೆಮನೆಯ ಬೀರುವಿನಲ್ಲೇ ಉಳಿದಿರುತ್ತದೆ. ಸೀರೆ, ಬಳೆ, ಹೂವು ಎಲ್ಲ ನೆನಪಿಟ್ಟುಕೊಂಡು ತರುತ್ತೇವೆ, ಕಾರ್ಡು ಮರೆತು ಬರುತ್ತೇವೆ. ನಾವೂ ಹಾಗೇ ಮಾಡಿದ್ದು. ತಂಗಿಯ ಕಾರ್ಡನ್ನು ಭಾವ ಅವತ್ತು ರಾತ್ರಿ ಆಸ್ಪತ್ರೆಗೆ ತಂದುಕೊಟ್ಟರು. ತವರಿಗೆ ಬಂದ ಮೇಲೆ ಅವಳ ಬಿಪಿ ಯಾರೂ ನೋಡಿರಲಿಲ್ಲ. ಅದಕ್ಕೆ ಸಿಸ್ಟರನ್ನು ಬೈದು ಪ್ರಯೋಜನವಿಲ್ಲ, ಮನೆಯಲ್ಲಿ ನಾನೂ ಇದ್ದೆ.

2018-20ರ ಲೆಕ್ಕದಂತೆ ಲಕ್ಷ ಜೀವಂತ ಜನನಕ್ಕೆ ದೇಶದಲ್ಲಿ 97 ತಾಯಂದಿರು ಸತ್ತರೆ ಕರ್ನಾಟಕದಲ್ಲಿ 69. ಮಂತ್ರಿಗಳಿಗೆ ಭಾಷಣಕ್ಕೆ ಸಾಕು. ಪಕ್ಕದ ಕೇರಳದಲ್ಲಿ ಅದೇ ಲೆಕ್ಕ 19. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತಾಗ ಇಡೀ ರಾಜ್ಯ ಗದ್ದಲವಾಯಿತು, ಆಗಲೇಬೇಕಿತ್ತು. ಆದರೆ ತಲೆನೋವು ಅಂತ ಹೇಳಿ ಹಳ್ಳಿಯ ಜಗಲಿಯ ಮೇಲೆ ಮಲಗಿದವಳಿಗಾಗಿ ಯಾವ ವಿಧಾನಸಭೆಯಲ್ಲೂ ಯಾರೂ ಎದ್ದು ನಿಲ್ಲುವುದಿಲ್ಲ.

ಮಾನ್ಯ ಜಿಲ್ಲಾ ಆರೋಗ್ಯಾಧಿಕಾರಿಗಳೇ, ಹೊಸ ಕಟ್ಟಡ ಕೇಳುತ್ತಿಲ್ಲ. ಜಿಲ್ಲೆಯ ಒಂದೊಂದು ಸಬ್‌ಸೆಂಟರಿಗೂ ಸರಿಯಾದ ಬಿಪಿ ಮಿಷನ್ ಒಂದು, ಅದು ಕೆಟ್ಟಾಗ ಬಳಸಲು ಇನ್ನೊಂದು ಕೊಡಿಸಿ. ನೋಡದೆ ಇದ್ದರೆ 'ನೋಡಿಲ್ಲ' ಅಂತ ಬರೆಯಲು ಸಿಸ್ಟರುಗಳಿಗೆ ಧೈರ್ಯ ಕೊಡಿ, ಹಾಗೆ ಬರೆದವರನ್ನು ಮೀಟಿಂಗಿನಲ್ಲಿ ಬೈಯಬೇಡಿ. ಬಸುರಿ ತವರಿಗೆ ಹೊರಟ ದಿನ ಅಲ್ಲಿನ ಆಶಾ ಅಕ್ಕನಿಗೆ ಒಂದು ಫೋನು ಹೋಗುವ ಹಾಗೆ ಮಾಡಿ. ಹೆಚ್ಚು ಅಪಾಯದವರ ಕಾರ್ಡಿಗೆ ಕೆಂಪು ಚೀಟಿ ಅಂಟಿಸುವ ಪದ್ಧತಿ ಇದೆ, ಸರಿ. ಆ ಕೆಂಪು ಚೀಟಿಯವಳು ಇವತ್ತು ಯಾವ ಊರಲ್ಲಿದ್ದಾಳೆ ಅಂತ ನಿಮ್ಮ ಕಚೇರಿಯಲ್ಲಿ ಯಾರಿಗಾದರೂ ಗೊತ್ತೇ?

ಮುಂದಿನ 9ನೇ ತಾರೀಖು ಈ ವರದಿಗಾರ ಅದೇ ವರಾಂಡದಲ್ಲಿರುತ್ತಾನೆ. ಒಪ್ಪಿ ತೋರಿಸಿದವರ ಕಾರ್ಡುಗಳ ಬಿಪಿ ಕಾಲಮ್ಮು ನೋಡುತ್ತಾನೆ. ಎಷ್ಟರಲ್ಲಿ ಮೂರು ಸಲವೂ 110/70 ಇತ್ತು ಅಂತ ಯಾರ ಹೆಸರೂ ಹಾಕದೆ ಮಾರನೇ ದಿನ ಇದೇ ಜಾಗದಲ್ಲಿ ಅಚ್ಚು ಹಾಕುತ್ತೇವೆ.