ಬಾಹುಬಲಿ ನಿಂತ ಒಂದು ವರ್ಷ: ‘ಹೃದಯ ಪರಿವರ್ತನೆ’ ಎಂಬ ಸುಲಭದ ಮಾತಿಗೆ ಒಂದು ಪ್ರತಿವಾದ

ಬಾಹುಬಲಿಯ ಕಥೆಯನ್ನು ಪಾಠ ಹೇಳುವಲ್ಲಿ ಒಂದು ರೂಢಿ ಬೇರೂರಿದೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಸವಿಸ್ತಾರವಾಗಿ ವಿವರಿಸಲಾಗುತ್ತದೆ. ಗೆದ್ದ ತಮ್ಮನು ಅಣ್ಣನನ್ನು ಮೇಲೆತ್ತಿದ ಭಂಗಿ, ಸೋತ ಭರತ ಪ್ರಯೋಗಿಸಿದ ಚಕ್ರರತ್ನವು ಬಾಹುಬಲಿಯನ್ನು ಬಲವಂದು ನಿಂತ ಬಗೆ, ಆಗ ಅವನಲ್ಲಿ ಮೂಡಿದ ವೈರಾಗ್ಯ, ಇಷ್ಟನ್ನು ಹೇಳಿ ‘ಹೃದಯ ಪರಿವರ್ತನೆ’ ಎಂಬ ಎರಡು ಪದಗಳಲ್ಲಿ ಪ್ರಕರಣವನ್ನು ಮುಗಿಸಲಾಗುತ್ತದೆ. ಉತ್ತರಪತ್ರಿಕೆಗಳಲ್ಲಿಯೂ ಅದೇ ನುಡಿ, ವೇದಿಕೆಯ ಉಪನ್ಯಾಸಗಳಲ್ಲಿಯೂ ಅದೇ ನುಡಿ. ಮುಂದಿನ ಒಂದು ವರ್ಷದ ಪ್ರತಿಮಾಯೋಗಕ್ಕೆ ದೊರೆಯುವುದು ಒಂದೇ ಸಾಲು. ಪರಂಪರೆ ಯಾವುದನ್ನು ಆರಂಭವೆಂದು ತಿಳಿಯಿತೋ ಅದನ್ನೇ ಈ ಓದು ಮುಕ್ತಾಯವೆಂದು ಸಾರುತ್ತಿದೆ.

ರಣಭೂಮಿಯಲ್ಲಿ ರಾಜ್ಯವನ್ನು ತೊರೆದುದೇ ಪರಿವರ್ತನೆಯಾಗಿದ್ದರೆ, ಆ ಮೇಲೆ ಒಂದು ವರ್ಷ ಅಲುಗದೆ ನಿಂತವನಿಗೆ ಕೇವಲಜ್ಞಾನ ಏಕೆ ತಡವಾಯಿತು? ಈ ಪ್ರಶ್ನೆಯನ್ನು ಪ್ರಾಚೀನರು ಕೇಳಿಕೊಂಡರು. ಕುಂದಕುಂದಾಚಾರ್ಯರ ‘ಭಾವಪಾಹುಡ’ದಲ್ಲಿ ಬಾಹುಬಲಿ ಒಂದು ಎಚ್ಚರಿಕೆಯ ನಿದರ್ಶನ: ದೇಹಾದಿಗಳ ಸಂಗವನ್ನು ಬಿಟ್ಟಿದ್ದರೂ ಮಾನಕಷಾಯದಿಂದ ಕಲುಷಿತನಾಗಿ ಬಹುಕಾಲ ನಿಂತವನು. ಒಂಬತ್ತನೆಯ ಶತಮಾನದ ಜಿನಸೇನರು ಬೇರೆ ಕಾರಣವನ್ನು ಕಂಡರು: ತನ್ನಿಂದ ಭರತನಿಗೆ ಕ್ಲೇಶವಾಯಿತೆಂಬ ಭಾವ ಆ ತಪಸ್ವಿಯ ಹೃದಯದಲ್ಲಿ ಉಳಿದಿತ್ತು, ಭರತನು ಬಂದು ಪೂಜಿಸುವವರೆಗೂ ಅದು ಕರಗಲಿಲ್ಲ. ಶ್ವೇತಾಂಬರ ಪರಂಪರೆಯ ಹೇಮಚಂದ್ರರಲ್ಲಿ, ತನಗಿಂತ ಮೊದಲು ದೀಕ್ಷೆ ಪಡೆದ ಕಿರಿಯ ಸೋದರರಿಗೆ ನಮಸ್ಕರಿಸಲಾರದ ಅಭಿಮಾನವೇ ತೊಡಕು. ಬ್ರಾಹ್ಮಿ ಸುಂದರಿಯರು ಬಂದು, ಏರಿ ಕುಳಿತ ಆನೆಯಿಂದ ಇಳಿಯೆಂದು ಎಚ್ಚರಿಸಬೇಕಾಯಿತು.

ಕಾರಣಗಳಲ್ಲಿ ಭೇದವಿದೆ. ತೀರ್ಮಾನದಲ್ಲಿ ಭೇದವಿಲ್ಲ. ರಾಜ್ಯ, ಭೋಗ, ವಸ್ತ್ರ, ಆಹಾರ ಎಲ್ಲವನ್ನೂ ಬಿಟ್ಟವನಲ್ಲಿಯೂ ಬಿಡಲಾಗದ ಒಂದು ಎಳೆ ಉಳಿಯಬಲ್ಲದು. ತ್ಯಾಗದ ನಿರ್ಧಾರ ಎಷ್ಟೇ ಪ್ರಾಮಾಣಿಕವಾಗಿರಲಿ, ಅದು ಆ ಎಳೆಯನ್ನು ತಾನಾಗಿ ಕತ್ತರಿಸದು. ಕ್ಷಣದ ಪರಿವರ್ತನೆಯನ್ನು ಕೊಂಡಾಡುವವರು ಈ ಮೂರು ಪಾಠಗಳಲ್ಲಿ ಯಾವುದನ್ನು ಆಧಾರವಾಗಿ ಇಟ್ಟುಕೊಂಡಿದ್ದಾರೆ?

ಶ್ರವಣಬೆಳಗೊಳದ ಮೂರ್ತಿಯೂ ಇದೇ ಸಾಕ್ಷ್ಯವನ್ನು ನುಡಿಯುತ್ತದೆ. ಕ್ರಿ.ಶ. 981ರ ಸುಮಾರಿಗೆ ಚಾವುಂಡರಾಯ ಮಾಡಿಸಿದ, ಸುಮಾರು 58 ಅಡಿ ಎತ್ತರದ ಆ ವಿಗ್ರಹಕ್ಕೆ ಶಿಲ್ಪಿ ಆರಿಸಿಕೊಂಡದ್ದು ಭರತನನ್ನು ಎತ್ತಿದ ವೀರಭಂಗಿಯನ್ನಲ್ಲ, ಕಿರೀಟ ಕಳಚಿದ ನಾಟಕೀಯ ಗಳಿಗೆಯನ್ನೂ ಅಲ್ಲ. ತೊಡೆಯನ್ನು ಸುತ್ತಿ ತೋಳಿಗೇರಿದ ಬಳ್ಳಿ, ಕಾಲ ಬಳಿ ಬೆಳೆದ ಹುತ್ತ, ಅದರಿಂದ ಹೊರಚಾಚಿದ ಹಾವು, ಇವೆಲ್ಲ ಕಾಲದ ಗುರುತುಗಳು. ಬಳ್ಳಿ ಒಂದು ದಿನದಲ್ಲಿ ತೋಳಿಗೇರುವುದಿಲ್ಲ, ಹುತ್ತ ಒಂದು ರಾತ್ರಿಯಲ್ಲಿ ಬೆಳೆಯುವುದಿಲ್ಲ. ಕಣ್ಣಿಗೆ ಕಾಣದ ಆಂತರಿಕ ಶ್ರಮದ ಅವಧಿಯನ್ನು ಕಲ್ಲಿನಲ್ಲಿ ಕಾಣಿಸಲು ಶಿಲ್ಪಿಗೆ ದೊರೆತ ಭಾಷೆ ಅದು.

ಈ ವಿಗ್ರಹದ ಕಾಲದಲ್ಲಿಯೇ, ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ‘ಗೊಮ್ಮಟಸಾರ’ವನ್ನು ರಚಿಸಿದರು. ಒಂದೇ ಪರಿಸರದಲ್ಲಿ ಹುಟ್ಟಿದ ಈ ಗ್ರಂಥವನ್ನೂ ವಿಗ್ರಹವನ್ನೂ ಜೊತೆಯಾಗಿ ಓದುವವರು ವಿರಳ. ಆತ್ಮದ ಏರಿಕೆಯನ್ನು ಹದಿನಾಲ್ಕು ಗುಣಸ್ಥಾನಗಳಾಗಿ ವಿವರಿಸುವ ಆ ಗ್ರಂಥದಲ್ಲಿ ಹನ್ನೊಂದನೆಯದು ವಿಶೇಷ ಗಮನಕ್ಕೆ ಯೋಗ್ಯವಾದುದು: ಉಪಶಾಂತಮೋಹ. ಇಲ್ಲಿ ಕಷಾಯಗಳೆಲ್ಲ ಅಡಗಿರುತ್ತವೆ, ಸಂಪೂರ್ಣ ಪ್ರಶಾಂತಿ ಇರುತ್ತದೆ. ಆದರೂ ಈ ಮೆಟ್ಟಿಲಿನಿಂದ ಮೇಲಕ್ಕೆ ದಾರಿಯಿಲ್ಲ. ಅಂತರ್ಮುಹೂರ್ತದೊಳಗೆ ಜೀವ ಕೆಳಗೆ ಇಳಿಯಲೇಬೇಕು. ಕಾರಣವನ್ನು ಆಚಾರ್ಯರು ಒಂದು ಉಪಮೆಯಿಂದ ತಿಳಿಸುತ್ತಾರೆ. ಕತಕದ ಬೀಜ ಬೆರೆತರೆ ಕದಡಿದ ನೀರಿನ ಕೆಸರು ತಳಕ್ಕಿಳಿಯುತ್ತದೆ. ಮೇಲಿನ ನೀರು ಸ್ಫಟಿಕದಂತೆ ತಿಳಿಯಾಗುತ್ತದೆ. ಪಾತ್ರೆ ಅಲುಗಿದರೆ ಕೆಸರು ಮತ್ತೆ ಏಳುತ್ತದೆ. ಮೋಹವನ್ನು ಅಡಗಿಸುತ್ತ ಏರಿದವನು ಹನ್ನೊಂದಕ್ಕೆ ಬಂದು ಇಳಿಯುತ್ತಾನೆ. ಕ್ಷಯಿಸುತ್ತ ಏರಿದವನು ಹತ್ತರಿಂದ ನೇರವಾಗಿ ಹನ್ನೆರಡಕ್ಕೆ ಸಾಗುತ್ತಾನೆ.

ಉಪಶಮ ಮತ್ತು ಕ್ಷಯ ಎಂಬ ಈ ವಿವೇಚನೆಯ ಮುಂದೆ ಇಂದಿನ ‘ಅಂತರಂಗದ ಪರಿವರ್ತನೆ’ಯ ಮಾತುಗಳನ್ನು ಇಟ್ಟು ನೋಡಬೇಕು. ವಾರಾಂತ್ಯದ ಶಿಬಿರ ಮುಗಿಸಿ ಕಣ್ಣೀರು ಒರೆಸಿಕೊಂಡು ಹೊರಬಂದವರು ತಾವು ಬೇರೆಯೇ ಮನುಷ್ಯರಾದೆವೆಂದು ನಂಬುತ್ತಾರೆ. ಆ ತಿಳಿನೀರು ಸುಳ್ಳಲ್ಲ. ಆ ಶಾಂತಿ ನಿಜ. ತಳದಲ್ಲಿ ಕೆಸರು ಇಲ್ಲವೆಂಬ ಘೋಷಣೆ ಮಾತ್ರ ಸುಳ್ಳು. ಪಾತ್ರೆ ಅಲುಗುವವರೆಗೆ ಯಾರಿಗೂ ಅದರ ಪರೀಕ್ಷೆಯಾಗಿರುವುದಿಲ್ಲ.

ಸಾಹಿತ್ಯ ವಿಮರ್ಶೆಯೂ ಇದೇ ಅವಸರಕ್ಕೆ ಬಿದ್ದಿದೆ. ಕ್ರಿ.ಶ. 941ರಲ್ಲಿ ಪಂಪ ರಚಿಸಿದ ‘ಆದಿಪುರಾಣ’ದ ಭವಾವಳಿಗಳನ್ನು ಕಾವ್ಯಕ್ಕೆ ಹೊರೆಯೆಂದು, ಧರ್ಮಕ್ಕಾಗಿ ಕವಿ ತೆತ್ತ ಸುಂಕವೆಂದು ಬಗೆಯುವವರಿದ್ದಾರೆ. ಮಹಾಬಲನ ಭವವನ್ನು ನೋಡಬೇಕು. ಮಂತ್ರಿ ಸ್ವಯಂಬುದ್ಧನ ಉಪದೇಶದಿಂದ ಎಚ್ಚೆತ್ತು, ಎಲ್ಲವನ್ನೂ ತ್ಯಜಿಸಿ ಅವನು ಸಲ್ಲೇಖನದಿಂದ ದೇಹ ಬಿಡುತ್ತಾನೆ. ಪಠ್ಯಪುಸ್ತಕದ ಮಾತಿನಲ್ಲಿ ಅದೂ ಹೃದಯ ಪರಿವರ್ತನೆಯೇ. ಮರುಭವದಲ್ಲಿ ಅವನು ಲಲಿತಾಂಗದೇವ; ಸ್ವಯಂಪ್ರಭೆಯ ಒಲವಿನಲ್ಲಿ ಮುಳುಗಿ, ಆಯುಷ್ಯ ಮುಗಿಯುವ ಸೂಚನೆ ಕಂಡೊಡನೆ ತಲ್ಲಣಿಸುತ್ತಾನೆ. ಮತ್ತೆ ವಜ್ರಜಂಘನಾಗಿ ಹುಟ್ಟಿ ಶ್ರೀಮತಿಯೊಡನೆ ಶಯ್ಯಾಗೃಹದ ಧೂಪದ ಹೊಗೆಯಲ್ಲಿ ಪ್ರಾಣ ಬಿಡುತ್ತಾನೆ. ಸಲ್ಲೇಖನದವರೆಗೆ ಹೋದ ವೈರಾಗ್ಯವೂ ಆಸೆಯ ಬೇರನ್ನು ಕಿತ್ತಿರಲಿಲ್ಲ. ಆ ವೈರಾಗ್ಯ ವ್ಯರ್ಥವೂ ಆಗಲಿಲ್ಲ. ಮುಂದಿನ ಭವಗಳು ಅದರ ಮೇಲೆಯೇ ನಿಂತವು. ಏರಿ ಜಾರುವ, ಜಾರಿ ಏರುವ ಈ ನಡೆಯನ್ನು ತೋರಿಸುವುದಕ್ಕೆ ಒಂದು ಭವ ಸಾಲದು. ಭವಾವಳಿಯನ್ನು ಕತ್ತರಿಸಿ ಓದುವವರು ಕಾವ್ಯದ ವಸ್ತುವನ್ನೇ ಕತ್ತರಿಸುತ್ತಾರೆ.

ಇದಕ್ಕೆ ಬರುವ ಆಕ್ಷೇಪ ಒಂದೇ: ನೀಲಾಂಜನೆಯ ನೃತ್ಯ. ಆದಿದೇವನ ವೈರಾಗ್ಯ ಕ್ಷಣಮಾತ್ರದಲ್ಲಿ ಉದಿಸಿತಲ್ಲವೆ? ಕಥೆಯನ್ನು ಸಾವಧಾನವಾಗಿ ನೋಡಿದರೆ ಆಕ್ಷೇಪ ತಾನಾಗಿ ಕರಗುತ್ತದೆ. ನರ್ತಿಸುತ್ತಿದ್ದವಳ ಆಯುಷ್ಯ ತೀರಿ ಅವಳು ಮರೆಯಾದ ಕೂಡಲೆ, ರಸಭಂಗವಾಗದಂತೆ ಇಂದ್ರನು ಅವಳಂತೆಯೇ ಇರುವ ಮತ್ತೊಬ್ಬಳನ್ನು ನಿಲ್ಲಿಸಿದನು. ಸಭೆಯೆಲ್ಲ ಆ ನೃತ್ಯವನ್ನೇ ನೋಡುತ್ತಿತ್ತು. ಬದಲಾವಣೆ ಕಂಡದ್ದು ಆದಿದೇವನೊಬ್ಬನಿಗೆ. ಕ್ಷಣಕ್ಕೆ ಪರಿವರ್ತಿಸುವ ಶಕ್ತಿ ಇದ್ದಿದ್ದರೆ ಇಡೀ ಆಸ್ಥಾನವೇ ಕಾಡಿಗೆ ನಡೆಯಬೇಕಿತ್ತು. ಅನೇಕ ಭವಗಳು ಹದಗೊಳಿಸಿದ ಕಣ್ಣಿಗೆ ಆ ಕ್ಷಣ ಒಂದು ನಿಮಿತ್ತ. ಉಳಿದವರಿಗೆ ಅದು ಮನರಂಜನೆ. ಆ ಕಣ್ಣುಳ್ಳವನೂ ದೀಕ್ಷೆಯ ನಂತರ ಸಾವಿರ ವರ್ಷ ತಪಸ್ಸು ಮಾಡಿದ ಮೇಲೆಯೇ ಕೇವಲಜ್ಞಾನವನ್ನು ಪಡೆದನೆಂದು ಪುರಾಣ ಹೇಳುತ್ತದೆ.

ಇದು ಕೇವಲ ಪಾಠಾಂತರದ ಜಗಳವೆಂದು ತಳ್ಳಿಹಾಕುವಂತಿಲ್ಲ. ಪರಿವರ್ತನೆಯನ್ನು ಕ್ಷಣದ ಪವಾಡವೆಂದು ಕಲಿಸಿದರೆ ಎರಡು ಅನರ್ಥಗಳು ಒದಗುತ್ತವೆ. ಬದಲಾದೆನೆಂದು ಗಟ್ಟಿಯಾಗಿ ಹೇಳಿಕೊಂಡವನಿಗೆ ಅರ್ಹತೆಯಿಲ್ಲದ ಗೌರವ ಸಲ್ಲುತ್ತದೆ. ನಿರ್ಧಾರ ಮಾಡಿಯೂ ಜಾರಿದವನು ಕಪಟಿಯೆಂಬ ಹೆಸರು ಹೊರುತ್ತಾನೆ. ಕುಡಿತ ಬಿಡುತ್ತೇನೆಂದು ಆಣೆಯಿಟ್ಟು ಮತ್ತೆ ಬಿದ್ದವನನ್ನು, ಕೋಪವನ್ನು ಗೆದ್ದೆನೆಂದುಕೊಂಡು ಮತ್ತೆ ಸಿಡಿದವನನ್ನು ಊರು ನಗುವುದು ಈ ತಿಳಿವಳಿಕೆಯಿಂದಲೇ. ಗುಣಸ್ಥಾನಗಳ ಸಿದ್ಧಾಂತ ಅಂಥವನನ್ನು ನಗುವುದಿಲ್ಲ. ಹನ್ನೊಂದನೆಯ ಮೆಟ್ಟಿಲಿನಿಂದಲೂ ಜಾರುವುದುಂಟೆಂದು ಬಲ್ಲ ಶಾಸ್ತ್ರ, ಜಾರಿದವನನ್ನು ಮತ್ತೆ ಏರಬಲ್ಲವನೆಂದೇ ಲೆಕ್ಕಕ್ಕೆ ಹಿಡಿಯುತ್ತದೆ. ಒಣ ವರ್ಗೀಕರಣವೆಂದು ಜರೆಯಲಾಗುವ ಈ ಶಾಸ್ತ್ರದಲ್ಲಿ, ಭಾವುಕ ಉಪನ್ಯಾಸಗಳಲ್ಲಿ ಕಾಣದ ಕರುಣೆಯಿದೆ.

ಆದುದರಿಂದ ವಿದ್ಯಾರ್ಥಿಗಳಿಗೆ ಕೇಳಬೇಕಾದ ಪ್ರಶ್ನೆ ಬೇರೆ. ಬಾಹುಬಲಿ ಯಾವಾಗ ಬದಲಾದನೆಂದು ಕೇಳುವ ಬದಲು, ಎಲ್ಲವನ್ನೂ ಬಿಟ್ಟ ಮೇಲೆ ಅವನಲ್ಲಿ ಉಳಿದದ್ದೇನು, ಅದು ಹೇಗೆ ಕರಗಿತು ಎಂದು ಕೇಳಬೇಕು. ಆ ಪ್ರಶ್ನೆಗೆ ‘ಹೃದಯ ಪರಿವರ್ತನೆ’ ಎಂದು ಬರೆದರೆ ಅಂಕ ಸಿಗಬಾರದು.